ಹಿತ್ತಲ ಬಂಡೆ ಮತ್ತು ಸ್ಲ್ಯಾಬಿನ ಉಳಿದ ಮಾಲು

ನಮ್ಮ ಕಡೆ ಮನೆಗೆ ಸ್ಲ್ಯಾಬ್ ಹಾಕಿದ ದಿನ ಒಂದೆರಡು ಬುಟ್ಟಿ ಮಾಲು ಉಳಿದೇ ಉಳಿಯುತ್ತದೆ. ಸಿಮೆಂಟು, ಉಸುಕು, ಜಲ್ಲಿ ಸೇರಿಸಿ ಕಲಸಿದ್ದಕ್ಕೆ ಮನೆ ಕಟ್ಟುವ ಗೌಂಡಿಗಳು ಮಾಲು ಅನ್ನುತ್ತಾರೆ. ಹೊತ್ತು ಮೀರಿದರೆ ಅದು ಬುಟ್ಟಿಯಲ್ಲೇ ಕಲ್ಲಾಗುತ್ತದೆ. ಚೆಲ್ಲಲಿಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಹೀಗಾಗಿ ಉಳಿದ ಮಾಲು ಎಲ್ಲಿ ಹಾಕಿಸಬೇಕೆಂದು ಮನೆಯ ಹಿರಿಯರು ಬೆಳಗ್ಗೆಯೇ ಲೆಕ್ಕ ಹಾಕಿ ಕೂತಿರುತ್ತಾರೆ. ಚಿಕ್ಕೋಡಿ, ರಾಯಬಾಗ, ಅಥಣಿ, ಯಾವ ಕಡೆಯ ಹಳ್ಳಿಗೆ ಬೇಕಾದರೂ ಹೋಗಿ ನೋಡಿ: ಬಟ್ಟೆ ಒಗೆಯುವ ಕಟ್ಟೆ, ಎಮ್ಮೆಗೆ ನೀರು ಕುಡಿಸುವ ದೋಣಿ, ತುಳಸಿಕಟ್ಟೆಯ ಮೆಟ್ಟಿಲು, ಎಲ್ಲ ಸ್ಲ್ಯಾಬಿನ ದಿನ ಹುಟ್ಟಿದವೇ. ಶೇಡಬಾಳದ ನಮ್ಮ ತವರಿನಲ್ಲಿ ಅಪ್ಪ ಹೀಗೇ ಉಳಿದ ಮಾಲಿನಲ್ಲಿ ಬಾಗಿಲ ಮುಂದೆ ಕೂರಲು ಒಂದು ಕಟ್ಟೆ ಮಾಡಿಸಿದ್ದರು. ಅದು ಒಂದು ಮಗ್ಗುಲಿಗೆ ವಾಲಿದೆ. ಅದರ ಮೇಲೆ ಕೂತವರು ಇವತ್ತಿಗೂ ಮೆಲ್ಲಗೆ ಜಾರುತ್ತ, ಮತ್ತೆ ಮೇಲೆ ಸರಿಯುತ್ತ ಮಾತಾಡುತ್ತಾರೆ.

ನಾನು ಹೇಳಹೊರಟಿರುವುದು ಅಂಥದೇ ಒಂದು ಬುಟ್ಟಿ ಮಾಲಿನ ಸಂಗತಿ. ಅದು ಬಿದ್ದದ್ದು ನಮ್ಮ ಅಕ್ಕನ ಮನೆಯ ಹಿತ್ತಲಲ್ಲಿ.

ಅಕ್ಕನನ್ನು ಕೊಟ್ಟಿದ್ದು ನಿಪ್ಪಾಣಿ ಹತ್ತಿರದ ಒಂದು ಸಣ್ಣ ಊರಿಗೆ. ಶೇಡಬಾಳದ ಕಡೆ ನೆಲ ಅಂಗೈಯಂತೆ ಸಮ. ಕಬ್ಬು, ದ್ರಾಕ್ಷಿ, ಮತ್ತೆ ಕಬ್ಬು. ಅಕ್ಕನ ಊರು ಮಾತ್ರ ಗುಡ್ಡಕ್ಕೆ ಬೆನ್ನು ಕೊಟ್ಟು ಕೂತಿದೆ. ಅವಳ ಹಿತ್ತಲೆಂದರೆ ನಾಲ್ಕು ಹೆಜ್ಜೆ ಅಗಲದ ಫರಸಿ ಕಲ್ಲಿನ ಹಾಸು, ಅದರಾಚೆಗೆ ನೆಟ್ಟಗೆ ಎದ್ದ ಕರಿಕಲ್ಲು. ಆ ಕರಿಕಲ್ಲಿನಲ್ಲಿ ಒಂದು ಬಂಡೆ, ಮನೆಗಿಂತ ಎತ್ತರದ್ದು, ಗುಡ್ಡದಿಂದ ಬಿಡಿಸಿಕೊಂಡು ಬೇರೆಯಾಗಲು ಹೊರಟಂತೆ ನಿಂತಿದೆ. ಬಂಡೆಗೂ ಗುಡ್ಡಕ್ಕೂ ನಡುವೆ ಕೈ ತೂರುವಷ್ಟು ಬಿರುಕು. ಮದುವೆ ಮಾತಿಗೆ ಹೋದಾಗ ನಮ್ಮವರೆಲ್ಲ ಹುಡುಗನನ್ನು ನೋಡಿದರು, ನಾನು ಹಿತ್ತಲಿಗೆ ಹೋಗಿ ಬಂಡೆ ನೋಡಿ ಬಂದೆ. ಹುಡುಗ ಒಳ್ಳೆಯವನೆಂದು ಎಲ್ಲರೂ ಹೇಳಿದರು, ಅದು ನಿಜವೂ ಆಯಿತು. ಬಂಡೆಯ ಬಗ್ಗೆ ನನಗೆ ಆಗಲೇ ನಂಬಿಕೆ ಇರಲಿಲ್ಲ.

ಏಕೆಂದರೆ ನನ್ನ ಕೆಲಸವೇ ಅದು. ಗುಡ್ಡದ ಇಳಿಜಾರುಗಳು ಗಟ್ಟಿಯಾಗಿವೆಯೇ ಇಲ್ಲವೇ ಎಂದು ಅವುಗಳ ನಡುಕ ಅಳೆದು ಹೇಳುವ ಕಚೇರಿಯೊಂದರಲ್ಲಿ, ಬೆಳಗಾವಿಯಲ್ಲಿ, ನಾನು ಕೆಲಸ ಮಾಡುತ್ತೇನೆ. ಬಂಡೆ ನಡುಗುತ್ತದೆಯೇ ಎಂದು ಜನ ನಗುತ್ತಾರೆ. ಎಲ್ಲ ಬಂಡೆಗಳೂ ನಡುಗುತ್ತವೆ. ಗಾಳಿ ಬೀಸಿದರೆ ನಡುಗುತ್ತವೆ, ಹೆದ್ದಾರಿಯಲ್ಲಿ ಟ್ರಕ್ ಹೋದರೆ ನಡುಗುತ್ತವೆ, ಕಬ್ಬಿನ ಟ್ರ್ಯಾಕ್ಟರು ಹಿಂದೆ ಎರಡು ಟ್ರಾಲಿ ಕಟ್ಟಿಕೊಂಡು ಡಾಲ್ಬಿ ಹಚ್ಚಿಕೊಂಡು ಹೋದರಂತೂ ಕೇಳಲೇಬೇಡಿ. ಕಣ್ಣಿಗೆ ಕಾಣದ ಈ ನಡುಕವನ್ನು ಜಿಯೋಫೋನ್ ಎಂಬ, ಚಹಾದ ಲೋಟದಷ್ಟೇ ಇರುವ ಸಾಧನ ಹಿಡಿಯುತ್ತದೆ. ಗುಡ್ಡಕ್ಕೆ ಬಿಗಿಯಾಗಿ ಅಂಟಿಕೊಂಡ ಬಂಡೆಯ ನಡುಕ ಚುರುಕಾಗಿರುತ್ತದೆ. ಹಿಡಿತ ಸಡಿಲಾದಂತೆ ಅದು ಮಂದವಾಗುತ್ತ ಬರುತ್ತದೆ. ಹಲಗಿ ಬಾರಿಸುವವರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತೊಯ್ದ ಹಲಗಿ ಡಬ್ ಎನ್ನುತ್ತದೆ, ಬೆಂಕಿಗೆ ಹಿಡಿದು ಕಾಸಿದರೆ ಮತ್ತೆ ಠಣ್ ಎನ್ನುತ್ತದೆ. ಬಂಡೆಯೂ ಹಾಗೇ. ಮಳೆ ಬಂದಾಗ ಅದರ ಸ್ವರ ಇಳಿಯುತ್ತದೆ, ಮಳೆ ನಿಂತು ಹೊಳವಾಗಿ ಬಿಸಿಲು ಬಿದ್ದರೆ ಮೇಲೇರುತ್ತದೆ. ಇಳಿದದ್ದು ಏರದೆ ಹೋದರೆ ನಮಗೆ ಚಿಂತೆ ಹತ್ತಿಕೊಳ್ಳುತ್ತದೆ.

ಹೆದ್ದಾರಿಯ ಅಗಲೀಕರಣಕ್ಕೆಂದು ಅದೇ ಗುಡ್ಡದ ಇನ್ನೊಂದು ಮಗ್ಗುಲನ್ನು ಕಾಯುವ ಕೆಲಸ ನಮ್ಮ ಕಚೇರಿಗೆ ಸಿಕ್ಕಿತು. ನಾನು ನಮ್ಮ ಹಿರಿಯ ಎಂಜಿನಿಯರರ ಬೆನ್ನು ಹತ್ತಿ, ಎರಡು ಜಿಯೋಫೋನ್ ಹೆಚ್ಚಿಗೆ ಕೇಳಿ ಪಡೆದು, ಒಂದನ್ನು ಅಕ್ಕನ ಹಿತ್ತಲ ಬಂಡೆಯ ಮೇಲೆ, ಇನ್ನೊಂದನ್ನು ಪಕ್ಕದ ಗಟ್ಟಿ ಕಲ್ಲಿನ ಮೇಲೆ ಕೂರಿಸಿದೆ. ಎರಡರ ನಡುಕವನ್ನೂ ಹೋಲಿಸಿ ನೋಡಿದರೆ ಬಂಡೆಯ ಸ್ವರ ಬೇರೆಯಾಗಿ ತಿಳಿಯುತ್ತದೆ. ಅಳತೆಯೆಲ್ಲ ಮೊಬೈಲ್ ಸಿಮ್ಮಿನ ಮೂಲಕ ನಮ್ಮ ಕಚೇರಿಗೆ ಬರುತ್ತದೆ. ನನ್ನ ಫೋನಿಗೂ ಬರುತ್ತದೆ, ಅದೇ ನನ್ನ ರೋಗ. ಊಟಕ್ಕೆ ಕೂತರೂ ನನ್ನ ಎಡಗೈ ಫೋನಿನ ಮೇಲೆ.

ಅಕ್ಕನ ಅತ್ತೆಯನ್ನು ಊರೆಲ್ಲ ಆಯಿ ಎಂದೇ ಕರೆಯುತ್ತದೆ. ಕೃಷ್ಣೆಯ ದಂಡೆಯ ಅಂಕಲಿಯಲ್ಲಿ ಹುಟ್ಟಿ, ಮದುವೆಯಾಗಿ ಈ ಗುಡ್ಡದ ಬುಡಕ್ಕೆ ಬಂದವರು. ಸಿಟ್ಟು ಕನ್ನಡದಲ್ಲಿ, ಆಶ್ಚರ್ಯ ಮರಾಠಿಯಲ್ಲಿ. ನಾನು ಹಿತ್ತಲಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದನ್ನು ಮೊದಲ ಸಲ ಕಂಡಾಗ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತರು.

"ಏನ್ ಬೇ, ನಮ್ಮ ಕಲ್ಲಿಗಿ ಜ್ವರಾ ಬಂದೈತೇನ?"

"ಇಲ್ಲರಿ ಆಯೀ, ಬಂದ್ರ ತಿಳೀಲಿ ಅಂತ ಹಚ್ಚೀನಿ."

"ನಾ ಮದುವಿ ಆಗಿ ಬಂದಾಗಿಂದ ಹಿಂಗ ನಿಂತೈತಿ ಅದು. ನನ್ನ ಗಂಡಗಿಂತಾ ಗಟ್ಟಿ ಐತಿ."

ಅಂದಿನಿಂದ ನಾನು ಆ ಓಣಿಯಲ್ಲಿ ಕಲ್ಲಿನ ಡಾಕ್ಟರೀಣ ಬಾಯಿ ಆದೆ.

ಆಯಿಗೆ ಬಂಡೆಯ ಮೇಲೆ ಸಿಟ್ಟಿರಲಿಲ್ಲ, ಸಿಟ್ಟಿದ್ದದ್ದು ಅದರ ಬುಡದ ನೀರಿನ ಮೇಲೆ. ಕರಿಕಲ್ಲಿನ ಕೆಳಗೆ ಒಂದು ಕೆಂಪು ಮಣ್ಣಿನ ಪದರ ಇದೆ. ಮಳೆಗಾಲದಲ್ಲಿ ಬಿರುಕಿನೊಳಗೆ ಇಳಿದ ನೀರು ಆ ಪದರಕ್ಕೆ ಬಂದು, ಬಂಡೆಯ ಬುಡದ ಒಂದು ಸಂದಿನಿಂದ ದಸರೆಯವರೆಗೂ ಬಸಿಯುತ್ತಿತ್ತು. ಹಿತ್ತಲ ಫರಸಿಯ ಮೇಲೆಲ್ಲ ಪಾಚಿ. ಬಟ್ಟೆ ಒಗೆಯಲು ಹೋದವರು ಜಾರುವುದು, ಗೋಡೆಗೆ ತೇವ ಏರುವುದು, ಅಕ್ಕ ಸಾಲಾಗಿ ಹೆಜ್ಜೆಗಲ್ಲು ಇಟ್ಟುಕೊಂಡು ಓಡಾಡುವುದು, ಇದೆಲ್ಲ ಪ್ರತಿ ವರ್ಷದ ಪುರಾಣ. ನನಗೆ ಯಾವಾಗ ಫೋನ್ ಮಾಡಿದರೂ ಆಯಿಯ ಮೊದಲ ಮಾತು ಅದೇ: "ಹಿತ್ತಲ ರಾಡಿ ಆಗೈತಿ ನೋಡವಾ, ಈ ನೀರಿನ ಪೀಡಾ ಯಾವಾಗ ತೊಲಗತೈತೋ."

ಮೊದಲ ಮಳೆಗಾಲ ಬಂಡೆ ಹೇಳಿದಂತೆ ಕೇಳಿತು. ಮಳೆ ಬಂದಾಗ ಸ್ವರ ಇಳಿಯಿತು, ಹೊಳವಾದಾಗ ಏರಿತು. ನನಗೆ ಎಷ್ಟೋ ಸಮಾಧಾನವಾಯಿತು. ಅಷ್ಟರಲ್ಲಿ ಭಾವ ಹಳೆಯ ತಗಡಿನ ಮನೆ ಕೆಡವಿ ಹೊಸದು ಕಟ್ಟಲು ಶುರುಮಾಡಿದರು. ಇಲ್ಲಿ ಬೇಡ, ಊರ ಮುಂದೆ ಜಾಗ ನೋಡಿ ಎಂದು ನಾನು ಹೇಳಿದ್ದುಂಟು. ಗುಡ್ಡ ಗಟ್ಟಿಯಿದೆ ಎಂದು ನಿನ್ನ ಮಷೀನೇ ಹೇಳುತ್ತಿದೆಯಲ್ಲ ಎಂದು ನನ್ನ ಮಾತನ್ನು ನನಗೇ ತಿರುಗಿಸಿದರು. ಸಂಕ್ರಾಂತಿ ಕಳೆದ ಮೇಲೆ ಸ್ಲ್ಯಾಬ್ ಹಾಕಿದರು. ಅವತ್ತು ನನಗೆ ರಜೆ ಸಿಗಲಿಲ್ಲ. ಸ್ಲ್ಯಾಬಿನ ದಿನದ ಗೋಧಿ ಹುಗ್ಗಿ ತಪ್ಪಿಹೋಯಿತಲ್ಲ ಎಂದು ಕಚೇರಿಯಲ್ಲಿ ಕೂತು ಚಡಪಡಿಸಿದೆ. ಅಕ್ಷಯ ತೃತೀಯೆಗೆ ಗೃಹಪ್ರವೇಶವಾಯಿತು. ಬಂಡೆಯ ಕಡೆಗಿರುವ ಹಿಂದಿನ ಕೋಣೆ ತಂಪು ಎಂದು ಅಕ್ಕ ತನ್ನ ಸಣ್ಣ ಮಗಳನ್ನು ಅಲ್ಲಿಯೇ ಮಲಗಿಸಿಕೊಳ್ಳತೊಡಗಿದಳು.

ಅದೇ ಬೇಸಿಗೆಯಲ್ಲಿ ನನ್ನ ಮರ್ಯಾದೆ ಹೋಯಿತು. ಒಂದು ದಿನ ಬಂಡೆಯಿಂದ ಬರುವ ಅಳತೆಯಲ್ಲಿ ಹೊಸದೊಂದು ಬಡಿತ ಕಾಣಿಸಿತು. ಧಡ್, ಧಡ್, ಧಡ್, ಮುಂಜಾನೆಯಿಂದ ಸಂಜೆಯವರೆಗೆ. ಮರುದಿನವೂ ಅದೇ. ಒಳಗೆಲ್ಲೋ ಕಲ್ಲು ಸೀಳುತ್ತಿದೆ ಎಂದುಕೊಂಡು ತಟ್ಟೆಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದೆ. ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಓಣಿಗೆ ಕಾಲಿಟ್ಟರೆ ಎದುರಿಗೇ ಖಾರದ ಘಾಟು, ಮೂಗು ಕಣ್ಣು ಎಲ್ಲ ಒಂದಾಯಿತು. ಅಕ್ಕನ ಮನೆಯಿಂದ ಮೂರು ಮನೆಯಾಚೆ ಯಾರೋ ಹೊಸದಾಗಿ ಡಂಕ ಹಾಕಿದ್ದರು. ಡಂಕವೆಂದರೆ ಕರೆಂಟಿನ ಮೇಲೆ ನಡೆಯುವ ಕಬ್ಬಿಣದ ಒನಕೆ. ಬೇಸಿಗೆಯಲ್ಲಿ ವರ್ಷದ ಖಾರ, ಮಸಾಲೆ ಕುಟ್ಟಿಸಲು ನಿಪ್ಪಾಣಿ ಕಡೆಯ ಹೆಂಗಸರು ಡಬ್ಬಿ ಹಿಡಿದು ಅಲ್ಲಿ ಸಾಲುಗಟ್ಟುತ್ತಾರೆ. ಆ ಸಾಲಿನಲ್ಲಿ ಆಯಿ ಎಲ್ಲರಿಗಿಂತ ಮುಂದಿದ್ದರು. ನಾನು ಓಡಿಬಂದ ಕಾರಣ ಕೇಳಿ ಸಾಲಿಗೆ ಸಾಲೇ ನಕ್ಕಿತು. ಹೊರಡುವಾಗ ಆಯಿ ನನ್ನ ಕೈಗೆ ಬಿಸಿಬಿಸಿ ಖಾರದ ಪೊಟ್ಟಣ ಇಟ್ಟರು.

"ತಗೋ, ಇದ ನಿನ್ನ ಭೂಕಂಪ. ರೊಟ್ಟಿಗಿ ಹಚ್ಚಿಕೊಂಡ ತಿನ್ನು."

ತಿಂದೆ. ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಈ ನಗೆಪಾಟಲಿನ ಪರಿಣಾಮ ಮಳೆಗಾಲದಲ್ಲಿ ತಿಳಿಯಿತು. ಆ ವರ್ಷ ಮಿರಗ, ಅಂದರೆ ಮೃಗಶಿರಾ ಮಳೆ ಸರಿಯಾಗಿ ಹಿಡಿಯಿತು, ಅದರ ಹಿಂದಿನ ಮಳೆಗಳೂ ಬಿಡಲಿಲ್ಲ. ಬಂಡೆಯ ಸ್ವರ ಇಳಿಯಿತು. ಇಳಿಯಲಿ, ಹೊಳವಾದರೆ ಏರುತ್ತದೆ ಎಂದು ಕಾದೆ. ಹೊಳವಾಯಿತು, ಬಿಸಿಲೂ ಬಿತ್ತು, ಹೆದ್ದಾರಿ ಕಡೆಯ ಕಲ್ಲುಗಳ ಸ್ವರವೆಲ್ಲ ಮೇಲೇರಿತು. ಅಕ್ಕನ ಬಂಡೆ ಮಾತ್ರ ಏಳಲಿಲ್ಲ. ಮತ್ತೆ ಮಳೆ ಬಂತು, ಇನ್ನಷ್ಟು ಕೆಳಗಿಳಿಯಿತು. ಹೊಳವಾದರೂ ಅಲ್ಲೇ ಕೂತಿತು. ಡಂಕ ಮಳೆಗಾಲಕ್ಕೆಂದು ಬಂದ್ ಆಗಿತ್ತು, ಕಬ್ಬಿನ ಹಂಗಾಮಿಗೆ ಇನ್ನೂ ದೂರವಿತ್ತು, ದೂರಲು ಯಾರೂ ಇರಲಿಲ್ಲ. ಹಿರಿಯ ಎಂಜಿನಿಯರರು ಕನ್ನಡಕ ಹಣೆಗೇರಿಸಿ ಗ್ರಾಫನ್ನು ನೋಡಿದರು. ಮಾತು ಕಡಿಮೆಯ ಮನುಷ್ಯ. "ಮೊದಲ ಮನಿ ಖಾಲಿ ಮಾಡಸ್ರಿ. ಕಾರಣ ಆಮೇಲೆ ಹುಡುಕೂಣು" ಅಂದರು. ಹಿಂದಿನ ಕೋಣೆಯಲ್ಲಿ ಅಕ್ಕ, ಕೂಸು ಮಲಗುವುದು ಕಣ್ಣ ಮುಂದೆ ಬಂತು.

ಮರುದಿನ ಮುಂಜಾನೆಯ ಬಸ್ಸಿಗೆ ಹೋದೆ. ಹಿಂದಿನ ಸಂಜೆಯೇ ಅಕ್ಕನಿಗೆ ಫೋನ್ ಮಾಡಿ ಕೂಸನ್ನು ಕರೆದುಕೊಂಡು ಮುಂದಿನ ಪಡಸಾಲೆಯಲ್ಲಿರು ಎಂದಿದ್ದೆ. ಹೋಗಿ ನೋಡಿದರೆ ಆಯಿ ಹಿಂದಿನ ಕೋಣೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಎಬ್ಬಿಸಿ ಮುಂದೆ ಕರೆತಂದು ಲ್ಯಾಪ್‌ಟಾಪ್ ಬಿಡಿಸಿದೆ. ಇಳಿಯುತ್ತಿರುವ ಗೆರೆ ತೋರಿಸಿದೆ. ಭಾವ ಕತ್ತು ಚಾಚಿ ನೋಡಿ ತಾಯಿಯ ಮುಖ ನೋಡಿದರು. ಆಯಿ ಗೆರೆಯನ್ನೇನೋ ನೋಡಿದರು, ಮುಖದಲ್ಲಿ ಏನೂ ಬದಲಾಗಲಿಲ್ಲ.

"ಈ ಗೆರಿ ಕೆಳಗ ಇಳದೈತಿ ಅಂತ ನಾ ಮನಿ ಬಿಡಬೇಕ?"

"ಹೌದ್ರಿ ಆಯೀ. ಇವತ್ತ, ಈಗ."

"ಬ್ಯಾಸಗ್ಯಾಗೂ ಗೆರಿ ತಂದಿದ್ದಿ. ಖಾರ ಕುಟ್ಟೂ ಗೆರಿ. ಹೊಸಾ ಮನಿ ಹೊಕ್ಕ ವರ್ಷ ತುಂಬಿಲ್ಲ, ದೀಪಾ ಹಚ್ಚದಂಗ ಕೀಲಿ ಹಾಕಿ ಹೋಗಂತಿ. ಅದು ಶುಭ ಏನ ಬೇ?"

ನನಗೆ ಸಿಟ್ಟು ನೆತ್ತಿಗೇರಿತು. ಏನೇನೋ ಅಂದೆ. ಅದರಲ್ಲಿ ಅರ್ಧ ಇಂಗ್ಲಿಷ್. "ಇಕಿಗಿ ಸಿಟ್ಟ ಬಂದ್ರ ಯಾರಿಗೂ ತಿಳೀದಂಗ ಮಾತಾಡ್ತಾಳ" ಎಂದು ಅಕ್ಕ ನನ್ನ ರಟ್ಟೆ ಹಿಡಿದಳು. ಅವಳ ಕೈ ಬಿಡಿಸಿಕೊಂಡು ಹಿತ್ತಲ ಬಾಗಿಲವರೆಗೆ ಹೋದೆ. ಬಂಡೆಯನ್ನೇ ಒಂದು ಮಾತು ಕೇಳಿಬಿಡೋಣ ಅನ್ನುವಷ್ಟು ಸಿಟ್ಟಿತ್ತು.

ಬಾಗಿಲಲ್ಲೇ ನಿಂತೆ. ಹಿತ್ತಲು ಒಣಗಿತ್ತು.

ಅಷ್ಟು ದಿನ ಮಳೆ ಹೊಡೆದಿದೆ. ಎದುರಿನ ಗುಡ್ಡದಿಂದ ಎಲ್ಲೆಲ್ಲೂ ನೀರು ಇಳಿಯುತ್ತಿದೆ. ಈ ಫರಸಿಯ ಮೇಲೆ ಪಾಚಿ ಇಲ್ಲ, ಅಕ್ಕನ ಹೆಜ್ಜೆಗಲ್ಲುಗಳಿಲ್ಲ. ಹಗ್ಗದ ಮೇಲೆ ಬಟ್ಟೆಗಳು ಹಾಯಾಗಿ ಒಣಗುತ್ತಿದ್ದವು.

"ಆಯೀ, ಇಲ್ಲಿ ನೀರ ಬಸೀತಿತ್ತಲ್ಲರಿ, ಎಲ್ಲಿ ಹೋತು?"

ಆಯಿಯ ಮುಖ ಅಂದು ಮೊದಲ ಸಲ ಅರಳಿತು. ನನ್ನ ಹಿಂದೆಯೇ ಬಂದು ನಿಂತರು.

"ಎಲ್ಲಿ ಹೋಗತೈತಿ? ಬಂದ್ ಮಾಡಿಸೀನಿ. ಸ್ಲ್ಯಾಬಿನ ದಿನ ಮಾಲ ಉಳಿದಿತ್ತ. ಗೌಂಡಿ ತುಳಸಿಕಟ್ಟಿಗಿ ಹಾಕೂಣು ಅಂದ. ನಾ ಅಂದ್ನಿ, ತುಳಸಿಕಟ್ಟಿ ಆಮ್ಯಾಲ ನೋಡೂಣು, ಮೊದಲ ಈ ಸಂದಿ ಮುಚ್ಚು. ಒಳಗ ಕೋಲ ಹಾಕಿ ಜಡದ ತುಂಬಿಸೀನಿ. ಒಂದ ಹನಿ ಬರಂಗಿಲ್ಲ ಈಗ. ಹೆಂಗೈತಿ ಕೆಲಸ?"

ಕೆಲಸ ಬಹಳ ಚೆನ್ನಾಗಿತ್ತು. ಬಂಡೆಯ ಬುಡದಲ್ಲಿ ಕಪ್ಪು ಕಲ್ಲಿನ ನಡುವೆ ಬೂದು ಬಣ್ಣದ ಸಿಮೆಂಟಿನ ಪಟ್ಟಿ, ನುಣ್ಣಗೆ ಸವರಿದ್ದು, ಗೌಂಡಿಯ ಕರಣಿಯ ಗುರುತೂ ಕಾಣುತ್ತಿತ್ತು. ಸ್ಲ್ಯಾಬ್ ಹಾಕಿದ್ದು ಒಣ ಕಾಲದಲ್ಲಿ, ಆಗ ಸಂದಿಯಲ್ಲಿ ನೀರೇ ಇರಲಿಲ್ಲ. ಮೇಲಿನಿಂದ ಮಳೆನೀರು ಬಿರುಕಿಗೆ ಇಳಿಯುವುದು ನಿಂತಿರಲಿಲ್ಲ, ಕೆಳಗಿನಿಂದ ಹೊರಗೆ ಹೋಗುವುದಷ್ಟೇ ನಿಂತಿತ್ತು. ಆ ನೀರೆಲ್ಲ ಈಗ ಬಂಡೆಯ ಬೆನ್ನ ಹಿಂದೆ ತುಂಬಿಕೊಂಡು, ಕೆಂಪು ಪದರವನ್ನು ನೆನೆಸುತ್ತ, ಬಂಡೆಯನ್ನು ಮನೆಯ ಕಡೆಗೆ ದಬ್ಬುತ್ತಿತ್ತು. ಆಯಿಯನ್ನು ಒಳಗೆ ಎಳೆದುಕೊಂಡು ಬಂದು ಬಾಗಿಲು ಹಾಕಿದೆ. ಆ ಬಾಗಿಲು ಏನನ್ನೂ ತಡೆಯುವುದಿಲ್ಲ ಎಂಬುದು ನನಗೇ ಗೊತ್ತಿತ್ತು.

ಈಗ ಕೂಗಿ ಪ್ರಯೋಜನವಿರಲಿಲ್ಲ. ಕೂಗಿದರೆ ಆಯಿ ಇನ್ನೂ ಗಟ್ಟಿಯಾಗಿ ಕೂರುತ್ತಾರೆ. ಅಷ್ಟರಲ್ಲಿ ನನಗೆ ಅಂಕಲಿ ನೆನಪಾಯಿತು. ಆಯಿ ತಮ್ಮ ತವರಿನ ಹೊಲದ ಕಥೆಯನ್ನು ನನಗೆ ಎಷ್ಟೋ ಸಲ ಹೇಳಿದ್ದರು, ಪ್ರತಿ ಸಲವೂ ಬೈಗುಳ ಸೇರಿಸಿ. ನದಿ ದಂಡೆಯ ಕಬ್ಬಿನ ಹೊಲಗಳಲ್ಲಿ ನೀರು ಹೆಚ್ಚಾಗಿ ನಿಂತರೆ ನೆಲ ಜವಳಾಗುತ್ತದೆ, ಬೇರು ಕೊಳೆಯುತ್ತದೆ. ಅದಕ್ಕೇ ಹೆಚ್ಚಿನ ನೀರು ಹೊರಗೆ ಹೋಗಲು ಬಸಿಗಾಲುವೆ ತೋಡುತ್ತಾರೆ. ಕಾಗವಾಡ, ಶೇಡಬಾಳದ ಮಕ್ಕಳಿಗೂ ಅದು ಗೊತ್ತು.

ನಾನು ಆಯಿಯ ಪಕ್ಕ ನೆಲದ ಮೇಲೆ ಕೂತೆ.

"ಆಯೀ, ನಿಮ್ಮ ತವರಮನಿ ಹೊಲ ಯಾಕ ಜವಳ ಆತರಿ?"

"ಈಗ್ಯಾಕ ಬೇ ಆ ಮಾತ?"

"ಹೇಳ್ರಿ."

"ಯಾಕ ಅಂದ್ರ, ಕೆಳಗಿನ ಹೊಲದಾಂವ ಒಂದ ಸಾಲ ಕಬ್ಬ ಹೆಚ್ಚಿಗಿ ಹಚ್ಚಾಕ ಅಂತ ಬಸಿಗಾಲಿವಿ ತುಂಬಿಬಿಟ್ಟ, ಹಾಳಾಗಿ ಹೋಗ್ಲಿ ಅಂವನ ಮನಿ. ನೀರ ಎಲ್ಲಿ ಹೋಗಬೇಕ? ಹೊಳ್ಳಿ ನಮ್ಮ ಹೊಲದಾಗ ನಿಂತ್ತು. ಮ್ಯಾಲ ನೋಡಿದ್ರ ನೆಲಾ ಒಣಾ, ಒಳಗ ಕಾಲಿಟ್ರ ಮೊಣಕಾಲ ತನಕಾ..."

ಆಯಿ ಹಿತ್ತಲ ಬಾಗಿಲ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೈಯಲ್ಲಿದ್ದ ಶೇಂಗಾ ಹಾಗೇ ಇತ್ತು.

"ಅಗ ಬಾಯಿ" ಎಂದು ಉಸಿರಿನಲ್ಲೇ ಅಂದರು. "ನಾನ ತುಂಬಿಸಿದ್ನೇನ ಬಸಿಗಾಲಿವಿ?"

ನಾನು ಹೌದೆಂದು ತಲೆಯಾಡಿಸಿದೆ. ಆಯಿ ಎದ್ದರು. ಮಂಡಿನೋವಿನವರು ಅಷ್ಟು ಬೇಗ ಎದ್ದದ್ದನ್ನು ನಾನು ಕಂಡಿರಲಿಲ್ಲ.

"ದೇವ್ರನ್ನ ಮೊದಲ ತಗೀರಿ" ಎಂದು ಮಗನಿಗೆ ಹೇಳಿದರು. "ದೇವ್ರ ಎಲ್ಲೋ ದೀಪಾ ಅಲ್ಲೇ. ನಡೀರಿ, ನಡೀರಿ. ಕೂಸಿನ ಕರಕೋರಿ."

ಓಣಿಯ ಆಚೆ ತುದಿಯಲ್ಲಿ ಭಾವನ ಕಾಕಾನ ಹಳೆಯ ತಂಬಾಕಿನ ವಖಾರ, ಅಂದರೆ ಗೋದಾಮು, ಖಾಲಿ ಬಿದ್ದಿತ್ತು. ಅಲ್ಲಿಗೆ ಸಂಸಾರ ಸಾಗಿತು. ಬಂಡೆ ಉರುಳಿದರೆ ದಾರಿಗೆ ಸಿಗುವ ಅಕ್ಕಪಕ್ಕದ ಎರಡು ಮನೆಯವರನ್ನೂ ಭಾವ ಎಬ್ಬಿಸಿ ಕರೆತಂದರು. ಎಷ್ಟೋ ವರ್ಷಗಳ ತಂಬಾಕಿನ ಪುಡಿ ಆ ಗೋಡೆಗಳಲ್ಲಿ ಇನ್ನೂ ಇತ್ತು. ಒಳಗೆ ಹೋದವರೆಲ್ಲ ಸೀನತೊಡಗಿದರು. ಕೂಸು ಸೀನಿತು, ಭಾವ ಸೀನಿದರು, ದೇವರ ಮುಂದೆ ದೀಪ ಹಚ್ಚಲು ಹೋದ ಅಕ್ಕನ ಸೀನಿಗೆ ಕಡ್ಡಿ ಆರಿಹೋಯಿತು. ಬೇರೆ ದಿನವಾಗಿದ್ದರೆ ಆಯಿ ಇದಕ್ಕೆ ಏನಾದರೂ ಹೇಳಿ ನಗಿಸುತ್ತಿದ್ದರು. ಅವತ್ತು ಮೂಲೆ ಹಿಡಿದು ಕೂತರು. ಅಕ್ಕ ತಟ್ಟೆ ತಂದಿಟ್ಟರೆ ಸರಿಸಿದರು. ಮೊಮ್ಮಗಳು ತೊಡೆಯ ಮೇಲೆ ಹತ್ತಿ ಕೂತಾಗ ಅವಳ ಕಾಲುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಬಿಡಲೇ ಇಲ್ಲ. ನನಗೆ ಮುಂಜಾನೆಯ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಯ್ಯೋ ಅನ್ನಿಸಿತು.

ಮಧ್ಯಾಹ್ನಕ್ಕೆ ಹಿರಿಯ ಎಂಜಿನಿಯರರು ಕಲ್ಲು ಕೊರೆಯುವ ಮಷೀನು, ಅದನ್ನು ನಡೆಸುವವನು, ಎರಡನ್ನೂ ಜೀಪಿನಲ್ಲಿ ಹಾಕಿಕೊಂಡು ಬಂದರು. ಭಾವ ತಾವೇ ಹಾರೆ ತೆಗೆದುಕೊಂಡು ಸಿಮೆಂಟು ಒಡೆಯಲು ಹೊರಟಿದ್ದರು. ಹಿರಿಯರು ಹಾರೆಯನ್ನು ಕಸಿದು ಜೀಪಿನಲ್ಲಿಟ್ಟರು. ಬಂಡೆಯ ಮುಂದೆ ನಿಂತು ಬುಡ ಬಡಿಯುವಂತಿಲ್ಲ. ಪಕ್ಕದ ಗಟ್ಟಿ ಕಲ್ಲಿನ ಮರೆಯಲ್ಲಿ ನಿಂತು, ಅಲ್ಲಿಂದ ಉದ್ದನೆಯ ಸರಳಿನಲ್ಲಿ ಓರೆಯಾಗಿ ಕೊರೆದು, ಸಿಮೆಂಟಿನ ಹಿಂದೆ ನಿಂತ ನೀರಿಗೆ ದಾರಿ ಮಾಡಬೇಕು. ಮಳೆ ಹೊಳವಾಗಿತ್ತು. ನನ್ನನ್ನು ಓಣಿಯಾಚೆಯ ಮನೆಯ ಮಾಳಿಗೆಯ ಮೇಲೆ ಲ್ಯಾಪ್‌ಟಾಪ್ ಕೊಟ್ಟು ಕೂರಿಸಿದರು. ಬಂಡೆಯ ನಡುಕದಲ್ಲಿ ಏನಾದರೂ ಹೊಸದು ಕಂಡರೆ ನಾನು ಕೂಗಬೇಕು, ಮಷೀನಿನವನು ಎಲ್ಲ ಬಿಟ್ಟು ಓಡಬೇಕು.

ಮಷೀನು ಶುರುವಾದದ್ದೇ ಪರದೆಯ ತುಂಬ ಅದರದೇ ಗಲಾಟೆ. ಹೀಗಾಗಿ ಸ್ವಲ್ಪ ಕೊರೆಯುವುದು, ನಿಲ್ಲಿಸುವುದು, ನಾನು ನೋಡುವುದು, ಕೈ ಎತ್ತುವುದು, ಮತ್ತೆ ಕೊರೆಯುವುದು. ನನ್ನ ಕೈಯ ಮೇಲೆ ಒಬ್ಬ ಮನುಷ್ಯನ ಜೀವವಿದೆ ಎಂಬ ಯೋಚನೆ ತಲೆಯಿಂದ ಹೋಗಲೇ ಇಲ್ಲ. ಅವನು ಮಾತ್ರ ಪ್ರತಿ ಸಲ ನಿಲ್ಲಿಸಿದಾಗಲೂ ಬಾಯಿಗೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

ಒಮ್ಮೆ ಸರಳು ಥಟ್ಟನೆ ಒಳಕ್ಕೆ ಹೋಯಿತು. ಅದನ್ನು ಹಿಂದಕ್ಕೆ ಎಳೆದದ್ದೇ ತಡ, ತೂತಿನಿಂದ ಕೆಂಪು ನೀರು ಚಿಮ್ಮಿತು. ಬೋರಿಗೆ ನೀರು ಬಿದ್ದಾಗಿನಂತೆ ಹಾರಿ, ಹಿತ್ತಲ ಫರಸಿ ದಾಟಿ, ಹೊಸ ಮನೆಯ ಹಿಂದಿನ ಗೋಡೆಗೆ ಅಪ್ಪಳಿಸಿತು. ಸುಣ್ಣ ಹಚ್ಚಿದ ಗೋಡೆ ಕೆಂಪಾಯಿತು. ಇಷ್ಟು ನೀರು ಒಂದು ಬಿರುಕಿನಲ್ಲಿತ್ತೇ ಎಂದು ಮಾಳಿಗೆಯ ಮೇಲೆ ನಾನು ಎದ್ದು ನಿಂತುಬಿಟ್ಟೆ. ಓಣಿಯ ತುದಿಯಲ್ಲಿ, ಯಾರೂ ಬರಬೇಡಿ ಎಂದು ಹಗ್ಗ ಕಟ್ಟಿದ ಕಡೆ, ಆಯಿ ಹಗ್ಗ ಹಿಡಿದು ನಿಂತಿದ್ದರು. ಅಷ್ಟು ದೂರದಿಂದಲೂ ಅವರ ದನಿ ಕೇಳಿಸಿತು.

"ಹೋಗ್ಲಿ ಬಿಡ್ರೀ, ಹೋಗ್ಲಿ! ಗೋಡಿ ಹೋದ್ರೂ ಹೋಗ್ಲಿ!"

ನೀರು ಚಿಮ್ಮುವುದು ನಿಂತು ಸುರಿಯತೊಡಗಿತು, ಸಂಜೆಗೆ ಸುರಿಯುವುದು ನಿಂತು ಹರಿಯತೊಡಗಿತು. ಬಂಡೆಯ ಸ್ವರ ಮಾತ್ರ ಇದ್ದಲ್ಲೇ ಇತ್ತು. ನೆನೆದ ಕೆಂಪು ಪದರ ಒಂದೇ ಗಳಿಗೆಯಲ್ಲಿ ಬಿಗಿಯುವುದಿಲ್ಲ, ಕಾಯಬೇಕು ಎಂದು ಹಿರಿಯರು ಹೇಳಿ ಹೋದರು. ನನಗೂ ಅದು ಗೊತ್ತಿತ್ತು. ವಖಾರದಲ್ಲಿ ಸೀನುತ್ತ, ಫೋನ್ ನೋಡುತ್ತ ದಿನ ಕಳೆದೆವು. ನಡುವೆ ಒಂದು ಮಳೆಯೂ ಬಂತು. ತೂತಿನ ನೀರು ದಪ್ಪವಾಯಿತು, ಸ್ವರ ಇಳಿಯಲಿಲ್ಲ.

ಆಮೇಲೆ ಒಂದು ಮುಂಜಾನೆ ಚೆನ್ನಾಗಿ ಬಿಸಿಲು ಬಿದ್ದಿತ್ತು. ಅಕ್ಕ ವಖಾರದ ಬಾಗಿಲಲ್ಲಿ ಒಲೆ ಹೂಡಿ ರೊಟ್ಟಿ ತಟ್ಟುತ್ತಿದ್ದಳು. ಗೆರೆ ಒಂದಿಷ್ಟು ಮೇಲೆದ್ದದ್ದು ಕಂಡಿತು. ಕಣ್ಣಿನ ಭ್ರಮೆ ಎಂದುಕೊಂಡೆ. ಮಧ್ಯಾಹ್ನಕ್ಕೆ ಇನ್ನಷ್ಟು ಏರಿತ್ತು. ಹಿರಿಯರಿಗೆ ಫೋನ್ ಮಾಡಿದೆ. "ನಾನೂ ನೋಡಾಕತ್ತೀನಿ" ಅಂದರು, ಆಮೇಲೆ ಅವರಿಗೆ ಅಪರೂಪವಾದ ಒಂದು ನಗು ನಕ್ಕರು. ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ, ಜೋರಾಗಿಯೇ ಅತ್ತೆ. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಏನಾತ? ಬಿತ್ತೇನ?"

"ಇಲ್ಲ. ಏಳಾಕತ್ತೈತಿ."

"ಏಳಾಕತ್ತಿದ್ರ ಅಳೂದ್ಯಾಕ, ಹುಚ್ಚಿ?" ಎಂದವಳು ತಾನೂ ಅಳತೊಡಗಿದಳು. ನನ್ನ ಬೆನ್ನ ಮೇಲೆ ಅವಳ ಹಿಟ್ಟಿನ ಅಂಗೈ ಮೂಡಿತು. ಆಯಿ ಮೂಲೆಯಿಂದ ಎದ್ದು ಬಂದು, ಏನೂ ಕೇಳದೆ, ಒಲೆಯ ಮೇಲೆ ಸೀಯುತ್ತಿದ್ದ ರೊಟ್ಟಿ ತೆಗೆದರು. ಅದನ್ನೇ ಮುರಿದು ಖಾರ ಹಚ್ಚಿಕೊಂಡು ತಿಂದರು. ಎಷ್ಟೋ ದಿನಕ್ಕೆ ಅವರು ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಸ್ವರ ಮೊದಲಿನ ಮಟ್ಟಕ್ಕೆ ಬಂದು ನಿಂತರೂ ಮಳೆಗಾಲ ಮುಗಿಯುವ ತನಕ ಯಾರೂ ಆ ಮನೆಗೆ ಹಿಂತಿರುಗಲಿಲ್ಲ. ದಸರೆಯ ನಂತರ ರಸ್ತೆ ಕೆಲಸದವರೇ ಬಂದು ಬಂಡೆಯನ್ನು ಉಕ್ಕಿನ ಸರಳುಗಳಿಂದ ಗುಡ್ಡಕ್ಕೆ ಬಿಗಿದರು, ನೀರು ಬಸಿಯಲು ಪೈಪುಗಳನ್ನು ಕೂರಿಸಿದರು. ಬಂಡೆಯ ಸ್ವರ ಎಂದೂ ಇಲ್ಲದಷ್ಟು ಮೇಲೇರಿತು. ಅವತ್ತು ನಾನೂ ಅಲ್ಲಿದ್ದೆ. ಕೆಲಸ ಮುಗಿದಾಗ ವಾಡಿಕೆಯಂತೆ ಬುಟ್ಟಿಯಲ್ಲಿ ಮಾಲು ಉಳಿದಿತ್ತು. ಇದನ್ನೆಲ್ಲಿ ಹಾಕೋಣ ಎಂದು ಕೆಲಸದವನು ಕೇಳಿದ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಭಾವ ಮೆಲ್ಲಗೆ, ತುಳಸಿಕಟ್ಟೆಗೆ ಅಂದರು.

"ತುಳಸಿಕಟ್ಟಿ ಆಮ್ಯಾಲ ನೋಡೂಣು" ಅಂದರು ಆಯಿ.

ನಾನು ಬುಟ್ಟಿಯ ಕಡೆ ಒಂದು ಹೆಜ್ಜೆ ಇಟ್ಟೆ. ಆಯಿ ಒಂದು ಕೋಲು ತೆಗೆದುಕೊಂಡು ಪೈಪಿನ ಬಾಯಿಯಿಂದ ಲಿಂಬಿ ಗಿಡದ ಬುಡದವರೆಗೆ ನೆಲದ ಮೇಲೆ ಗೆರೆ ಎಳೆದರು. "ಇಲ್ಲಿಂದ ಇಲ್ಲಿತನಕಾ ಕಾಲಿವಿ ಮಾಡು. ಎರಡೂ ಮಗ್ಗಲ ಹಾಕು, ನಡುವ ಹಾಕಬ್ಯಾಡ. ನೀರಿಗಿ ದಾರಿ ಬಿಡು." ಅವನು ಕರಣಿ ಆಡಿಸುವಾಗ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದರು.

ಈಗ ಮಳೆ ಜೋರಾದಾಗೆಲ್ಲ ಮಧ್ಯಾಹ್ನ, ಸರಿಯಾಗಿ ನಾನು ಡಬ್ಬಿ ಬಿಚ್ಚುವ ಹೊತ್ತಿಗೆ, ನನ್ನ ಫೋನ್ ಬಡಿದುಕೊಳ್ಳುತ್ತದೆ. ಫೋನಿನಲ್ಲಿ ಗೆರೆ ಇದೆ, ಗ್ರಾಫ್ ಇದೆ, ಅದೆಲ್ಲ ಸರಿಯಾಗಿಯೇ ಇದೆ ಎಂದು ನನಗೆ ಗೊತ್ತು. ಆದರೂ ಆಯಿಯ ದನಿ ಕೇಳುವ ತನಕ ತುತ್ತು ಇಳಿಯುವುದಿಲ್ಲ. ಹಿತ್ತಲು ರಾಡಿಯಾಗಿದೆ ಎಂಬ ದೂರು ಈಗಿಲ್ಲ. ಅವರು ಕೊಡೆ ಹಿಡಿದು ಕಾಲುವೆಯ ಪಕ್ಕ ನಿಂತೇ ಫೋನ್ ಮಾಡಿರುತ್ತಾರೆ, ಹಿಂದೆ ನೀರಿನ ಸದ್ದು ಕೇಳಿಸುತ್ತಿರುತ್ತದೆ.

"ಹರ್ಯಾಕತ್ತೈತಿ ಬೇ. ನೀ ಊಟಾ ಮಾಡು."

ನಾನು ಫೋನನ್ನು ಬೋರಲು ಹಾಕಿ ಊಟ ಮಾಡುತ್ತೇನೆ.